ಮೂಲೆಯ ಒಂಬತ್ತು ಟೈಲ್ಸ್

ಹಾಕಿದ ಟೈಲ್ಸ್ ಕೀಳುವವಳು ನಾನಲ್ಲ. ಇಪ್ಪತ್ತು ವರ್ಷದಿಂದ ಮಂಡಿಯೂರಿ ನೆಲ ಹಾಸಿದ್ದೇನೆ, ಒಬ್ಬರೂ ಬೆರಳು ತೋರಿಸಿದ್ದಿಲ್ಲ. ಈಗ ಆ ಮಂಡಿಯೇ ಕೈಕೊಟ್ಟಿದೆ. ಲೆಕ್ಕದ ಪರೀಕ್ಷೆ ಪಾಸಾದರೆ ನಿಂತು ಮಾಡುವ ಸೂಪರ್‌ವೈಸರ್ ಕೆಲಸ, ಇಲ್ಲದಿದ್ದರೆ ಮನೆ. ಎರಡು ಸಲ ಡುಮ್ಕಿ ಹೊಡೆದಾಗಿದೆ. ನಾಳೆ ಮೂರನೆಯದು, ಅದೇ ಕೊನೆಯದು.

ಮಧ್ಯಾಹ್ನ ಊಟದ ಡಬ್ಬಿ ತಂದ ಮಗಳು, ಕಟ್ಟುತ್ತಿರುವ ಮನೆಯ ಬರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಎಕ್ಸ್ ವರ್ಗ, ಕೂಡಿಸು ಆರು ಎಕ್ಸ್, ಕೂಡಿಸು ಐದು. ಇದನ್ನು ಶೃಂಗರೂಪಕ್ಕೆ ತರಬೇಕಂತೆ, ಅಂದರೆ ಒಂದು ಪೂರ್ಣ ವರ್ಗ ಮಾಡಿ, ಹೆಚ್ಚು ಕಮ್ಮಿಯನ್ನು ಪಕ್ಕದಲ್ಲಿ ಬರೆಯಬೇಕಂತೆ.

"ಆರರಲ್ಲಿ ಅರ್ಧ ಮೂರು, ಮೂರರ ವರ್ಗ ಒಂಬತ್ತು. ಒಂಬತ್ತು ಕೂಡಿಸಿ, ಒಂಬತ್ತು ಕಳೀಬೇಕಮ್ಮಾ. ಪ್ರತಿ ಸಲ ಕಳೆಯೋದನ್ನೇ ಬಿಟ್ಟುಬಿಡ್ತೀಯ."

"ಹಾಕಿದ್ದನ್ನ ಯಾಕೆ ಕೀಳಬೇಕೇ? ಹುಚ್ಚಾ ನಿನ್ನ ಪುಸ್ತಕಕ್ಕೆ?"

"ಅಯ್ಯೋ, ನಿನ್ನ ಹತ್ರ ಏಗಿ ಏಗಿ ಸಾಕಾಯ್ತು!" ಎಂದು ಖಾಲಿ ಡಬ್ಬಿ ಎತ್ತಿಕೊಂಡು ಹೊರಟೇಹೋದಳು.

ಸಿಟ್ಟಿನಲ್ಲೇ ಗೋಡೆಗೆ ಒರಗಿದೆ. ಬಾಗಿಲಿಲ್ಲದ ಚೌಕಟ್ಟಿನಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಮೆಲ್ಲಗೆ ಜರುಗುತ್ತಿತ್ತು. ಜೊಂಪು ಯಾವಾಗ ಹತ್ತಿತೋ ಗೊತ್ತಿಲ್ಲ. ಕನಸಿನಲ್ಲೊಂದು ಕೋಣೆ. ಎಷ್ಟು ಉದ್ದವೋ ಯಾರಿಗೂ ತಿಳಿಯದು, ಥೇಟ್ ಎಕ್ಸ್‌ನ ಹಾಗೆ; ನಡೆದಷ್ಟೂ ಗೋಡೆ ಹಿಂದೆ ಸರಿಯುತ್ತದೆ. ಮಂಡಿ ನೋಯುತ್ತಿಲ್ಲ. ಅಷ್ಟುದ್ದದ ದೊಡ್ಡ ಚೌಕದ ಬಲಕ್ಕೆ ಅಷ್ಟೇ ಉದ್ದದ ಮೂರು ಪಟ್ಟಿ ಹಾಸಿದೆ, ಕೆಳಗೆ ಮೂರು. ಮೂಲೆ ಮಾತ್ರ ಬಾಯಿ ಬಿಟ್ಟುಕೊಂಡು ಕೂತಿತ್ತು, ಮೂರಕ್ಕೆ ಮೂರು. ಪೆಟ್ಟಿಗೆಯಲ್ಲಿ ಇದ್ದದ್ದು ಐದೇ ಟೈಲ್ಸ್. ಆದರೂ ಅವು ಒಂದೊಂದೇ ಕೈಗೆ ತೇಲಿ ಬಂದವು, ಒಂಬತ್ತನ್ನೂ ಹಾಕಿದೆ. ಚೌಕ ಪೂರ್ತಿಯಾಗಿ ಹೊಳೆಯಿತು, ಎಷ್ಟು ಚೆನ್ನಾಗಿತ್ತು ಅಂತೀರಿ! ತಿರುಗಿ ನೋಡಿದರೆ, ಐದರಲ್ಲಿ ಒಂಬತ್ತು ಹೋಗಿ ಪೆಟ್ಟಿಗೆಯ ಲೆಕ್ಕದಲ್ಲಿ ನಾಲ್ಕು ಕಮ್ಮಿ.

ದಡಬಡಿಸಿ ಎದ್ದೆ. ಕಳೆಯಬೇಕಾದದ್ದು ನೆಲದಿಂದಲ್ಲ, ಪೆಟ್ಟಿಗೆಯಿಂದ! ಎಕ್ಸ್ ಕೂಡಿಸು ಮೂರು, ಅದರ ವರ್ಗ, ಕಳೆ ನಾಲ್ಕು. ಶೃಂಗ, ಅಂದರೆ ಗ್ರಾಫಿನ ಗೆರೆ ಬಾಗಿ ತಿರುಗುವ ತುದಿ, ಮೈನಸ್ ಮೂರು, ಮೈನಸ್ ನಾಲ್ಕು. ನನ್ನ ನೆಲವನ್ನು ಯಾರೂ ಮುಟ್ಟಿರಲೇ ಇಲ್ಲ. ಇಷ್ಟು ದಿನ ಎಂಥ ಕತ್ತೆಯಾಗಿದ್ದೆ ನಾನು!

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಬೇರೆಯದೇ ಲೆಕ್ಕ: ಎಕ್ಸ್ ವರ್ಗ, ಕೂಡಿಸು ಎಂಟು ಎಕ್ಸ್, ಕೂಡಿಸು ಇಪ್ಪತ್ತು. ಕಣ್ಣು ಮುಚ್ಚಿ ಕನಸಿನ ಆ ಕೋಣೆಗೇ ಹೋದೆ. ಆಮೇಲೆ ಬಲಕ್ಕೆ ನಾಲ್ಕು ಪಟ್ಟಿ ಹಾಸಿದೆ, ಕೆಳಗೆ ನಾಲ್ಕು. ಮೂಲೆಗೆ ಹದಿನಾರು ಬೇಕು, ಪೆಟ್ಟಿಗೆಯಲ್ಲಿ ಇಪ್ಪತ್ತಿವೆ. ಮೂಲೆ ತುಂಬಿಸಿದ ಮೇಲೂ ನಾಲ್ಕು ಉಳಿದವು. ಉಳಿದವು! ನನ್ನ ಪಾಲಿಗೆ ಯಾವತ್ತಾದರೂ ಏನಾದರೂ ಉಳಿದದ್ದುಂಟಾ? ಬರೆದ ಅಂಕಿಗಳೆಲ್ಲ ಕಣ್ಣೆದುರು ಕಲಸಿಹೋದವು.

ಕೊಠಡಿಯ ಮೇಷ್ಟ್ರು ಹತ್ತಿರ ಬಂದು ಬಗ್ಗಿದರು. "ಯಾಕಮ್ಮಾ ಅಳ್ತಿದ್ದೀರಾ? ಬರ್ತಿಲ್ವಾ?"

"ಬಂತು ಸಾರ್," ಅಂದೆ. "ಬಂದ್ಬಿಡ್ತು."