ಲೈನ್‌ಮನ್ ಪುಟ್ಟಯ್ಯನ ಕೋತಿ ಸೂತಕ

ನನ್ನ ಮದುವೆ ಎರಡು ವರ್ಷ ತಡ ಆಗಿದ್ದು ಕೋತಿಗಳಿಂದ ಅಂದ್ರೆ ನೀವು ನಗ್ತೀರಿ. ನಗಿ. ನನಗಂತೂ ಆಗ ಮೈಯೆಲ್ಲ ಉರೀತಿತ್ತು.

ಎಪ್ಪತ್ತೊಂಬತ್ತರಲ್ಲಿ ನಮ್ಮೂರು ಶಿವನಿಗೆ ಹೊಸ ಕರೆಂಟ್ ಲೈನ್ ಎಳೆದ್ರು. ಎಲ್ಲೋ ಹೊಳೆಗೆ ಕಟ್ಟೆ ಕಟ್ಟಿ ತೆಗೆದ ಕರೆಂಟಿಗೆ ನಮ್ಮ ಮನೆ ಮುಂದಿನ ಸಾಲಲ್ಲಿ ಹತ್ತು ಹುಣಸೆಮರ ಉರುಳಿದ್ವು. ಕೊಂಬೆಯಿಂದ ಕೊಂಬೆಗೆ ಹಾರ್ತಿದ್ದ ಕೋತಿಗಳು ಏನು ಮಾಡ್ಬೇಕು? ತಂತಿ ಹಿಡ್ಕೊಂಡ್ವು. ಮೊದಲ ವಾರವೇ ಒಂದು ಮುದಿ ಗಡವ, ಗುಂಪಿನ ದೊಡ್ಡ ಗಂಡು ಕೋತಿ, ಸತ್ತು ಬಿತ್ತು.

ನಮ್ಮಲ್ಲಿ ಕೋತಿ ಸತ್ರೆ ಆಂಜನೇಯನೇ ಹೋದ ಹಾಗೆ. ತಮಟೆ ಹೊಡೆಸಿ ಮಣ್ಣು ಮಾಡ್ಬೇಕು, ತಿಥಿ ಮಾಡ್ಬೇಕು. ಮೊದಲ ಹಿಡಿ ಮಣ್ಣು ಹಾಕಿದವನೇ ಅದರ ಮಗ. ಅದಕ್ಕೇ ಎಲ್ಲರೂ ಕೈಕಟ್ಟಿ ನಿಂತಿದ್ರು. ನನಗೆ ಗೊತ್ತುಮಾಡಿದ್ದ ಗಂಡು, ಅತ್ತೆ ಮಗ, ಲೈನ್‌ಮನ್ ಪುಟ್ಟಯ್ಯ, ಬಂದ್ ಮಾಡಿದ್ದ ಲೈನಿಗೆ ಬೇಗ ಕರೆಂಟ್ ಕೊಡೋ ಅವಸರದಲ್ಲಿ ಒಂದು ಹಿಡಿ ಎಸೆದೇಬಿಟ್ಟ.

"ಮುಗೀತು," ಅಂದ ಊರ ಯಜಮಾನ ಅಜ್ಜಯ್ಯ. "ನಿಮ್ಮಪ್ಪ ತೀರ್ಕೊಂಡಿದಾರೆ. ತಲೆ ಬೋಳಿಸು. ಒಂದು ವರ್ಷ ಮದುವೆ ಇಲ್ಲ."

ಪುಟ್ಟಯ್ಯನ ಹೆತ್ತಪ್ಪ ಪಕ್ಕದಲ್ಲೇ ಬೀಡಿ ಸೇದ್ತಾ ನಿಂತಿದ್ದ ಕಣ್ರೀ! ಅವನೂ ತಲೆಯಾಡಿಸಿದ.

ವರ್ಷ ತುಂಬೋಕೆ ಹನ್ನೆರಡು ದಿನ ಇದ್ದಾಗ ಅದೇ ತಂತಿಗೆ ಆ ಗಡವನ ಜೋಡಿ ಹೆಣ್ಣು ಕೋತಿ ಸತ್ತಿತು. ತಂದೆಗೆ ಮಗ ಆದವನು ತಾಯಿಗೆ ಆಗ್ಬೇಡ್ವ? ಮತ್ತೆ ಬೋಳು, ಮತ್ತೊಂದು ವರ್ಷ.

"ಬಾವ, ನಿನ್ನ ವಂಶದಲ್ಲಿ ಇನ್ನೆಷ್ಟು ಜನ ಇದಾರೆ?" ಅಂದೆ.

"ಮೂವತ್ತಾರು ಕಣೇ."

ಎಣಿಸಿ ಬೇರೆ ಇಟ್ಕೊಂಡಿದಾನೆ, ದರಿದ್ರ! ತಂತಿ ಸರಿಸಿ ಅಂತ ಆಫೀಸಲ್ಲಿ ಅಂಗಲಾಚಿದ್ನಂತೆ. ಸಾಹೇಬರು ತಂದೆ-ತಾಯಿ ಮರಣಪತ್ರ ತಗೊಂಬಾ ಅಂದ್ರಂತೆ.

ಎರಡನೇ ವರ್ಷ ತುಂಬಿದ ಮಾರನೇ ದಿನಕ್ಕೇ ಮುಹೂರ್ತ ಇಡಿಸಿದೆ. "ತಾಳಿ ಕಟ್ಟೋವರೆಗೂ ಲೈನ್ ಬಂದ್ ಮಾಡು. ಇನ್ನೊಂದು ಸತ್ರೆ ನಾನು ಬಾವಿ ನೋಡ್ಕೋತೀನಿ," ಅಂದೆ. ಅವನು ಲೈನ್ ಬಂದ್ ಮಾಡಿ, ಹತ್ತು ಗಂಟೆಗೆ ಲೈನ್ ಕೊಡು ಅಂತ ಜೊತೆಗಾರ ಕರಿಯಣ್ಣನಿಗೆ ಹೇಳಿ ಬಂದಿದ್ದ.

ಒಂಬತ್ತೂವರೆಗೆ ತಾಳಿ ಕಟ್ಟಿದ. ಅಬ್ಬಾ, ಇನ್ನು ಯಾವುದು ಸತ್ರೆ ನನಗೇನು ಅಂದ್ಕೊಂಡೆ. ಶಾಸ್ತ್ರ ಎಲ್ಲ ಮುಗಿಸಿ ತಲೆ ಎತ್ತಿದ್ರೆ ತಂತಿ ಮೇಲೆ ಒಂದು ಕೋತಿ ಮರಿ ಕೂತು ಜೀಕ್ತಿದೆ. ಹತ್ತಕ್ಕೆ ಎರಡು ನಿಮಿಷ. ಸ್ವಿಚ್ ಹಾಕೋ ಕರಿಯಣ್ಣ ಇರೋದು ಅರ್ಧ ಮೈಲಿ ಆಚೆ.

ಹಸೆಮಣೆ ಬಿಟ್ಟು ಓಡಿದೆ. ಮಡಿಲಲ್ಲಿದ್ದ ಬಾಳೆಹಣ್ಣು ತೋರಿಸಿ, "ಇಳಿಯೋ ಮೈದುನಾ, ನಿನ್ನ ದಮ್ಮಯ್ಯ, ಇಳಿಯೋ!" ಅಂತ ಕೂಗಿದೆ. ಇಳೀತು. ಹಣ್ಣು ಕಿತ್ಕೊಂಡು ನನ್ನ ಸೆರಗು ಹಿಡಿದು ನಿಂತಾಗ ಮೇಲೆ ತಂತಿ ಗುಂಯ್ ಅಂತು.

ಅಲ್ಲೇ ಕುಸಿದು ಗೊಳೋ ಅಂತ ಅತ್ತುಬಿಟ್ಟೆ. ಪಾಪ, ತವರು ಬಿಡೋ ಸಂಕಟ ಅಂದ್ರು ಜನ.