ಬಾಗಿಲ ಹೊರಗಿನ ಚಪ್ಪಲಿಗಳು

ಕ್ವಾಲಾಲಂಪುರದ ನಮ್ಮ ಕಟ್ಟಡದಲ್ಲಿ ಚಿನ್ ಬುಡಕಟ್ಟಿನ ನಾವು ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಒಳಗೆ ತಂದು ಗೋಣಿಚೀಲಕ್ಕೆ ಹಾಕುತ್ತೇವೆ. ಬಾಗಿಲ ಮುಂದೆ ಚಪ್ಪಲಿ ರಾಶಿ ಬಿದ್ದಿದ್ದರೆ ವಲಸೆ ಇಲಾಖೆಯವರನ್ನು ಕೂಗಿ ಕರೆದ ಹಾಗೆ. ಬರ್ಮಾದಿಂದ ಓಡಿಬಂದು ಆಶ್ರಯ ಕೇಳಿದ್ದೇವೆ, ನಿಜ. ಆದರೆ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ ಎಂದರೆ ಇಲ್ಲಿ ಯಾವನೂ ಕೈಕೋಳ ಬಿಚ್ಚುವುದಿಲ್ಲ.

ಅದೇ ಕಟ್ಟಡದ ತಿಯಾಲ್ ಅಜ್ಜಿಯ ಗಂಡ ತೀರಿಕೊಂಡ ಸಂಜೆ ನಮ್ಮವರೆಲ್ಲ ಅವನನ್ನು ಹಾಡಿ ಕಳಿಸಲು ಬಂದರು. ನಾನು ಚೀಲ ಹಿಡಿದು ನಿಂತಿದ್ದೆ. ಅಜ್ಜಿ ಸಿಡುಕಿದಳು: "ಸಾವಿನ ಮನೇಲಿ ಚಪ್ಪಲಿ ಒಳಗೆ ತರ್ತಾರೇನೇ? ಬದುಕಿದ್ದಾಗಂತೂ ಕಳ್ಳನ ಹಾಗೆ ಬಾಳಿದ. ಇವತ್ತೊಂದಿನ ಮರ್ಯಾದೆಯಾಗಿ ಹೋಗಲಿ, ಬಿಡು."

ಎಲ್ಲರೂ ಹೊರಗೇ ಬಿಟ್ಟರು. ನಾನು ಚಹಾಕ್ಕೆ ಸಕ್ಕರೆ ತರಲು ಹೋದೆ. ಬರುವಷ್ಟರಲ್ಲಿ ಎಲ್ಲರನ್ನೂ ತುಂಬಿಕೊಂಡು ವಲಸೆ ಇಲಾಖೆಯ ಲಾರಿ ಹೊರಟುಹೋಗಿತ್ತು. ಚಪ್ಪಲಿಗಳು ಮಾತ್ರ ಬಾಗಿಲಲ್ಲಿ ಜೋಡಿಜೋಡಿಯಾಗಿ ಕಾದಿದ್ದವು.

ನನಗೆ ನಿರಾಶ್ರಿತರ ಕಾರ್ಡ್ ಸಿಕ್ಕ ಮೇಲೆ ಧೈರ್ಯ ಮಾಡಿ ಬಂಧನ ಶಿಬಿರಕ್ಕೆ ಹೋದೆ. ಗಾಜಿನಾಚೆ ಅಜ್ಜಿ ಬರಿಗಾಲಲ್ಲಿ ಕೂತು ಫೋನ್ ಎತ್ತಿಕೊಂಡಳು.

"ಯಾರೋ ಚಾಡಿ ಹೇಳಿರ್ಬೇಕು ಅಜ್ಜಿ. ಚಪ್ಪಲಿಯಿಂದ ಅಲ್ಲ," ಎಂದೆ.

"ಸುಮ್ನಿರು. ಬಾಗಿಲು ಒದೆಯೋ ಮುಂಚೆ ಅವರು ಚಪ್ಪಲಿ ಎಣಿಸ್ತಿದ್ದದ್ದು ನನ್ನ ಕಿವಿಗೇ ಬಿತ್ತು."

"ಒಳಗಿರೋ ನಮ್ಮವರು ನಿನ್ನ ಬೈತಾರಾ?"

"ಬೈದಿದ್ರೆ ಎಷ್ಟೋ ವಾಸಿಯಾಗ್ತಿತ್ತು. ಅವತ್ತು ಅರ್ಧಕ್ಕೆ ನಿಂತ ಹಾಡನ್ನ ಇಲ್ಲಿ ಕೂತು ಮುಗಿಸಿಕೊಟ್ರು ಕಣೇ."