ಅಗಿಯದ ಮನೆಯ ದವಡೆ

ಮುದ್ದೆ ನುಂಗುವುದರಲ್ಲಿ ಹನುಮಂತಮ್ಮನಿಗೆ ಬೈರಾಪಟ್ಟಣದಲ್ಲೇ ಸರಿಸಾಟಿ ಇರಲಿಲ್ಲ. ನಿಂಬೆಹಣ್ಣಿನ ಗಾತ್ರದ ತುತ್ತನ್ನು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ, ಹಲ್ಲಿಗೂ ಗೊತ್ತಾಗದ ಹಾಗೆ ಗಂಟಲಿಗಿಳಿದಿರುತ್ತಿತ್ತು. ರಾಮನಗರದ ಪೇಟೆಯಲ್ಲಿ ಅನ್ನ ಉಂಡು ಬೆಳೆದ ಸೊಸೆ ಶಾಲಿನಿ ಹೊಸತರಲ್ಲಿ ಮುದ್ದೆ ಅಗಿಯುವುದನ್ನು ಕಂಡು ಆಕೆ ನಕ್ಕು ನಕ್ಕು ಸುಸ್ತಾಗಿದ್ದಳು. "ಅಗಿಯಕ್ಕೆ ಅದೇನ್ ಚಕ್ಲೀನಾ? ನುಂಗವ್ವ," ಎಂದು ಕಲಿಸಿದ್ದೂ ಅವಳೇ.

ಆಮೇಲೆ ಸಂಧಿವಾತ ಬಂದು ಹನುಮಂತಮ್ಮನ ಬೆರಳುಗಳನ್ನು ಸೊಟ್ಟ ಮಾಡಿತು. ಮುದ್ದೆ ತೊಳಸುವ ಕೋಲು ಶಾಲಿನಿಯ ಕೈಗೆ ಬಂತು. ಬಿಡದಿ ಕಡೆ ದಿನಕ್ಕೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಶಾಲಿನಿಯನ್ನು ಕೆಲಸಕ್ಕೆ ಒಯ್ಯುವ ವ್ಯಾನು ಹೊತ್ತು ಹುಟ್ಟುವ ಮುಂಚೆಯೇ ಹೈವೇಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಅಷ್ಟರೊಳಗೆ ಎದ್ದು, ಗಂಟು ಕಟ್ಟದ ಹಾಗೆ ತೊಳಸಿ, ಮುದ್ದೆ ಕಟ್ಟಿಟ್ಟು ಓಡಬೇಕು. ಸಂಜೆ ಬಂದು ನೋಡಿದರೆ ಅತ್ತೆಯ ಪಾಲಿನದು ತಟ್ಟೆಯಲ್ಲಿ ಅರ್ಧಕ್ಕರ್ಧ ಒಣಗಿ ಕೂತಿರುತ್ತಿತ್ತು. ಭಾನುವಾರ ಎದುರಿಗೇ ಉಂಡರೂ ಅಷ್ಟೇ. ಕಡಲೆಕಾಳಿನಷ್ಟು ಚಿವುಟಿ ಬಾಯಿಗಿಡುತ್ತ, ಗೋಡೆ ನೋಡುತ್ತ, ಒಂದೂಟವನ್ನು ಅರ್ಧ ದಿನ ಎಳೆಯುತ್ತಿದ್ದಳು.

ಶಾಲಿನಿಗೆ ಪಿತ್ತ ನೆತ್ತಿಗೇರಿತು. ಸೇರದಿದ್ದರೆ ಬೇಡ ಅನ್ನಬೇಕು, ಹೀಗೆ ಚಿವುಟಿ ಚಿವುಟಿ ಅವಮಾನ ಮಾಡುವುದೇಕೆ?

"ನನ್ ಕೈಯಡುಗೆ ನಿಮ್ಮಮ್ಮಂಗೆ ಆಗಲ್ಲ. ಬಿಡದೀಲಿ ರೂಮ್ ನೋಡು, ಬೇರೆ ಇರೋಣ," ಎಂದು ಗಂಡ ಅಶೋಕನಿಗೆ ಹೇಳಿಯೇಬಿಟ್ಟಳು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಅಶೋಕ ಮಾತು ತೇಲಿಸಿದ. "ಅವ್ವಂಗೆ ಕಿವಿ ನೋಯ್ತದಂತೆ ಕಣೆ, ಅದ್ಕೇ ಇರ್ಬೋದು."

ಕಿವಿಯೆಂದು ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದೂ ಆಗಿತ್ತು, ಹಲ್ಲೆಂದು ಹಿಂದಿನ ಹಲ್ಲು ಕೀಳಿಸಿದ್ದೂ ಆಗಿತ್ತು. ಇದೆಲ್ಲ ನಾಟಕ ಎಂದು ಶಾಲಿನಿ ತೀರ್ಮಾನಿಸಿದ್ದಳು.

ಬೆರಳಿನ ಮಾತ್ರೆ ಮುಗಿದಾಗ ಅತ್ತೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಶಾಲಿನಿಯ ತಲೆಗೇ ಬಂತು. ಅಲ್ಲಿ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಬೆರಳುಗಳನ್ನೆಲ್ಲ ಒತ್ತಿ ನೋಡಿ, "ಅಗಿಯುವಾಗ ನೋಯುತ್ತಾ ಅಮ್ಮ?" ಎಂದು ಕೇಳಿದರು.

"ನಾವು ಅಗಿಯಾಕಿಲ್ಲ ಕಣವ್ವ, ನುಂಗ್ತೀವಿ," ಎಂದಳು ಹನುಮಂತಮ್ಮ.

ಡಾಕ್ಟರು ಅವಳ ಬಾಯಿ ತೆರೆಸಿದರು. ಮೂರು ಬೆರಳು ಹೋಗಬೇಕಾದಲ್ಲಿ ಒಂದು ತೂರುವುದೇ ಕಷ್ಟವಾಯಿತು. ಬೆರಳು ತಿಂದ ರೋಗವೇ ಕಿವಿಯ ಮುಂದಿನ ಕೀಲಿಗೂ ಹತ್ತಿದೆ ಎಂದರು. ದವಡೆಗೂ ಕೀಲಿರುತ್ತದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಗಿಯದ ಮನೆಯಲ್ಲಿ ದವಡೆಯನ್ನು ಯಾರು ನೋಡುತ್ತಾರೆ?

"ಇಲ್ಲಿ ಮುಟ್ಟಿ ನೋಡಿ," ಎಂದು ಡಾಕ್ಟರು ಶಾಲಿನಿಯ ಬೆರಳನ್ನು ಅತ್ತೆಯ ಕಿವಿಯ ಮುಂದೆ ಇಡಿಸಿದರು. ಹನುಮಂತಮ್ಮ ಬಾಯಿ ಆಡಿಸಿದಳು. ಚರ್ಮದಡಿ ಮರಳು ಅರೆದ ಹಾಗೆ ಗರಗರ ಎಂದಿತು. ಶಾಲಿನಿ ಬೆಚ್ಚಿ ಕೈ ತೆಗೆದು, ಅದೇ ಬೆರಳನ್ನು ತನ್ನ ಕಿವಿಯ ಮುಂದೆ ಇಟ್ಟುಕೊಂಡು ಬಾಯಿ ತೆರೆದು ಮುಚ್ಚಿದಳು. ಅಲ್ಲಿ ಏನೋ ಒಂದು ಸದ್ದಿಲ್ಲದೆ ಜಾರಿ ಮುಂದೆ ಬಂತು, ಹಾಗೆಯೇ ಹಿಂದೆ ಹೋಯಿತು. ಹುಟ್ಟಿದಂದಿನಿಂದ ಅತ್ತದ್ದು, ಆಕಳಿಸಿದ್ದು, ಗಂಡನ ಮೇಲೆ ಕೂಗಾಡಿದ್ದು, ಎಲ್ಲ ಈ ಬೆರಳ ತುದಿಯಷ್ಟು ಜಾಗದ ದಯೆ. ತಾನು ಇದ್ದೇನೆ ಎಂದು ಅದು ಒಂದು ದಿನವೂ ಹೇಳಿಕೊಂಡಿರಲಿಲ್ಲ.

"ಇಷ್ಟು ನೋವಿಟ್ಟುಕೊಂಡು ಹೇಗಮ್ಮ ಊಟ ಮಾಡ್ತಿದ್ರಿ?" ಎಂದರು ಡಾಕ್ಟರು.

"ಒಸೊಸಿ ಚಿವುಟ್ಕೊಂಡು ಇಳಿಸ್ತಿದ್ದೆ. ಕತ್ಲಲ್ಲಿ ಎದ್ದು ಮಾಡಿಟ್ಬುಟ್ಟು ಹೋಯ್ತಳೆ ನನ್ ಸೊಸೆ. ತಿನ್ನದೆ ಬುಟ್ರೆ ನೊಂದ್ಕತಳೆ."

"ನೋಯುತ್ತೆ ಅಂತ ನಂಗೆ ಯಾಕ್ ಹೇಳ್ಲಿಲ್ಲ?" ಎಂದಳು ಶಾಲಿನಿ.

"ಮುದ್ದೆ ಇಳೀತಿಲ್ಲ ಅಂದ್ರೆ ನಿನ್ ಕೈಗೆ ದೂರು ಬರಾಕಿಲ್ವಾ?"

ಉಳಿದ ಅರ್ಧವನ್ನೇ ಶಾಲಿನಿ ದಿನಾ ನೋಡಿದ್ದಳು. ಒಳಗೆ ಹೋದ ಅರ್ಧ ಹೇಗೆ ಹೋಯಿತೆಂದು ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ನಾಚಿಕೆಗಿಂತ ಬೆರಗು ದೊಡ್ಡದಾಗಿತ್ತು. ಗೋಡೆ ನೋಡುತ್ತ ಕೂತಿದ್ದ ಈ ಹೆಂಗಸು ಒಂದು ಸಲವಾದರೂ ಹುಬ್ಬು ಗಂಟಿಕ್ಕಿದ್ದು ಅವಳಿಗೆ ನೆನಪಾಗಲಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು, ಬಿಸಿಬಟ್ಟೆಯ ಶಾಖ ಹೇಳಿದರು, ದಿನಾ ಬಾಯಿ ತೆರೆದು ಮುಚ್ಚುವ ಅಭ್ಯಾಸ ತೋರಿಸಿಕೊಟ್ಟರು. ಕೀಲು ಸಡಿಲವಾಗುವ ತನಕ ಮುದ್ದೆ ಬೇಡ, ಕುಡಿಯುವಂಥದ್ದು ಕೊಡಿ ಎಂದರು.

ಮನೆ ಸೇರಿದ ಮೇಲೆ ಅಶೋಕ ಬಿಡದಿಯ ರೂಮಿನ ಸುದ್ದಿ ತೆಗೆದ. "ಅದೆಲ್ಲ ಬೇಡ, ಒಲೆ ಹಚ್ಚು ಮೊದ್ಲು," ಎಂದಳು ಶಾಲಿನಿ. ರಾಗಿ ಹಿಟ್ಟನ್ನು ತೆಳ್ಳಗೆ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಅಂಬಲಿ ಮಾಡಿದಳು. ಲೋಟವನ್ನು ಅತ್ತೆಯ ಸೊಟ್ಟ ಬೆರಳುಗಳ ನಡುವೆ ಇಟ್ಟು, ಬೀಳದ ಹಾಗೆ ತಾನೂ ಹಿಡಿದುಕೊಂಡಳು. ತುಟಿಗೆ ಹಚ್ಚಿದ ಲೋಟವನ್ನು ಹನುಮಂತಮ್ಮ ಖಾಲಿಯಾಗುವ ತನಕ ಇಳಿಸಲಿಲ್ಲ. ಆಮೇಲೆ ಸೊಸೆಯ ಮುಖ ನೋಡಿ, ಹೊಸ ನೆಂಟರ ಹಾಗೆ ಸಂಕೋಚಪಟ್ಟು ಕೇಳಿದಳು.

"ಇನ್ನೊಸಿ ಐತಾ?"

ಇಷ್ಟು ತಿಂಗಳು ಅತ್ತೆ ಹಸಿದೇ ಇದ್ದಳೆಂದು ಶಾಲಿನಿಗೆ ತಿಳಿದದ್ದು ಆಗ. ಅವಳು ಒಳಗೆ ಹೋಗಿ ಪಾತ್ರೆಯನ್ನೇ ಎತ್ತಿ ತಂದಳು.